ಹಳೆಯ ವ್ಯಾನಿಗೆ ಯಾವ ಎಣ್ಣೆ?

ಅಮೆರಿಕದಲ್ಲಿ ಮಿನಿವ್ಯಾನ್ ಎಂದರೆ ಸಂಸಾರಸ್ಥರ ಬಂಡಿ. ಮಕ್ಕಳು, ಅಜ್ಜ-ಅಜ್ಜಿ, ವಾರದ ದಿನಸಿ ಎಲ್ಲಕ್ಕೂ ಅದರಲ್ಲಿ ಜಾಗ ಉಂಟು. ಹತ್ತಾರು ವರ್ಷ ಓಡಿದ ವ್ಯಾನ್ ಅಗ್ಗಕ್ಕೆ ಸಿಗುವುದರಿಂದ, ಓದಲು ಹೋದ ನಮ್ಮ ವಿದ್ಯಾರ್ಥಿಗಳೂ ನಾಲ್ಕೈದು ಮಂದಿ ಕೂಡಿ ಇಂಥದೊಂದನ್ನು ಕೊಳ್ಳುವುದುಂಟು. ಆದರೆ ಗೇರ್ ಬಾಕ್ಸ್ ಕೈಕೊಟ್ಟರೆ ಅದರ ರಿಪೇರಿ ಖರ್ಚು ಎಷ್ಟೋ ಸಲ ಗಾಡಿಯ ಬೆಲೆಯನ್ನೇ ಮೀರುತ್ತದೆ. ಈ ಅನಾಹುತಕ್ಕೆ ಒಂದು ಮುಖ್ಯ ಕಾರಣ, ಅದಕ್ಕೆ ಒಗ್ಗದ ಎಣ್ಣೆ.

ಎಣ್ಣೆಗೆ ಹಲವು ಕೆಲಸ

ಈ ವ್ಯಾನುಗಳಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ. ಗೇರು ತಾನಾಗಿಯೇ ಬದಲಾಗುತ್ತದೆ. ಗೇರ್ ಬಾಕ್ಸಿನ ಎಣ್ಣೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಎಂಜಿನ್ ಆಯಿಲ್ ಜೊತೆ ಗೊಂದಲವಾಗಬಾರದೆಂದು ಈ ಉಪಾಯ. ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ಮೂಲಕ ಗೇರುಗಳಿಗೆ ದಾಟಿಸುವುದು, ಒತ್ತಡದಿಂದ ಕ್ಲಚ್ಚುಗಳನ್ನು ಒತ್ತಿಹಿಡಿಯುವುದು, ಸವೆತ ತಡೆಯುವುದು, ಶಾಖವನ್ನು ಹೊತ್ತೊಯ್ಯುವುದು ಎಲ್ಲವೂ ಈ ಎಣ್ಣೆಯದೇ ಹೊಣೆ.

ಇದರಲ್ಲೊಂದು ಸೋಜಿಗವಿದೆ. ಎಣ್ಣೆ ಎಂದರೆ ಜಾರಿಸುವಂಥದು. ಇಲ್ಲಿ ಮಾತ್ರ ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ತಟ್ಟೆಗಳು ಒಂದನ್ನೊಂದು ಹದವಾಗಿ ಹಿಡಿಯಬೇಕು. ಹಿಡಿತ ಸಡಿಲವಾದರೆ ತಟ್ಟೆಗಳು ಉಜ್ಜಿ ಸುಡುತ್ತವೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ಗಾಡಿ ನಡುಗುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಕಿರ್ರೆನ್ನುವುದೂ ಇದೇ ತತ್ವದಿಂದ. ಈ ಹದ ಕಾಯಲು ಎಣ್ಣೆಗೆ ವಿಶೇಷ ರಾಸಾಯನಿಕಗಳನ್ನು ಸೇರಿಸುತ್ತಾರೆ.

ಕ್ರೈಸ್ಲರ್ ಕಲಿಸಿದ ಪಾಠ

ಕ್ರೈಸ್ಲರ್ ಕಂಪನಿಯ ಡಾಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ವ್ಯಾನುಗಳು 1983ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದವು. 1989ರ ಮಾದರಿಯಿಂದ ಅವುಗಳಿಗೆ ಎಲೆಕ್ಟ್ರಾನಿಕ್ ನಿಯಂತ್ರಣದ ನಾಲ್ಕು ಗೇರಿನ ಹೊಸ ಗೇರ್ ಬಾಕ್ಸ್ ಸೇರಿತು. ಅದಕ್ಕೆ ಕ್ರೈಸ್ಲರ್‌ನದೇ ವಿಶೇಷ ಎಣ್ಣೆ ಬೇಕಿತ್ತು. ಅದು ಸಿಗದಿದ್ದರೆ ಎಲ್ಲ ಕಡೆ ದೊರೆಯುವ ಡೆಕ್ಸ್‌ರಾನ್ ಆದೀತೆಂದು ಮೊದಲ ವರ್ಷಗಳ ಕೈಪಿಡಿಯೇ ಹೇಳುತ್ತಿತ್ತು. ಡೆಕ್ಸ್‌ರಾನ್ ಕೆಟ್ಟ ಎಣ್ಣೆಯೇನಲ್ಲ, ಜನರಲ್ ಮೋಟರ್ಸ್ ಗಾಡಿಗಳಿಗೆಂದು ರೂಪಿಸಿದ್ದು. ಕ್ರೈಸ್ಲರ್ ಕ್ಲಚ್ಚಿಗೆ ಅದು ಒಗ್ಗಲಿಲ್ಲ. ಗೇರ್ ಬಾಕ್ಸುಗಳು ನಡುಗಿದವು, ಬೇಗನೆ ಕೆಟ್ಟವು. ಆಮೇಲೆ ಕಂಪನಿ ತನ್ನ ಎಣ್ಣೆಯನ್ನಷ್ಟೇ ಬಳಸಬೇಕೆಂದು ತಿಳಿಸಬೇಕಾಯಿತು.

ಸಿಂಥೆಟಿಕ್ ಎಂದರೇನು?

ಕಚ್ಚಾ ತೈಲವನ್ನು ಶುದ್ಧಿಮಾಡಿ ಪಡೆದ ಎಣ್ಣೆಯಲ್ಲಿ ನಾನಾ ಬಗೆಯ ಅಣುಗಳು ಬೆರೆತಿರುತ್ತವೆ. ಸಿಂಥೆಟಿಕ್ ಎಣ್ಣೆಯಲ್ಲಿ ರಾಸಾಯನಿಕ ಕ್ರಿಯೆಯಿಂದ ಅಣುಗಳನ್ನು ಹೆಚ್ಚು ಏಕರೂಪಕ್ಕೆ ತಂದಿರುತ್ತಾರೆ. ಹಿಮ ಬೀಳುವ ಚಳಿಯಲ್ಲೂ ಅದು ಗಟ್ಟಿಯಾಗದೆ ಹರಿಯುತ್ತದೆ, ಬಿಸಿಗೆ ಬೇಗ ಕೆಡುವುದಿಲ್ಲ. ಆದರೆ ಕ್ಲಚ್ ಹಿಡಿತದ ಬಗ್ಗೆ ಡಬ್ಬದ ಮೇಲಿನ ‘ಸಿಂಥೆಟಿಕ್’ ಎಂಬ ಪದ ಏನನ್ನೂ ಹೇಳುವುದಿಲ್ಲ. ಅದನ್ನು ಹೇಳುವುದು ಎಣ್ಣೆಯ ದರ್ಜೆಯ ಹೆಸರು ಮತ್ತು ಸಂಖ್ಯೆ.

1990ರ ದಶಕದ ಕೊನೆಗೆ ಕ್ರೈಸ್ಲರ್ ಹಳೆಯ ‘ಎಟಿಎಫ್ ಪ್ಲಸ್ 3’ರ ಜಾಗಕ್ಕೆ ‘ಎಟಿಎಫ್ ಪ್ಲಸ್ 4’ ಎಂಬ ಸಿಂಥೆಟಿಕ್ ಎಣ್ಣೆ ತಂದಿತು. ಅದು ಬಾಳಿಕೆಯಲ್ಲಿ ಮೇಲು. ಹಾಗಿದ್ದೂ 1999 ಮತ್ತು ಅದಕ್ಕಿಂತ ಹಳೆಯ ಮಿನಿವ್ಯಾನುಗಳಿಗೆ ಪ್ಲಸ್ 3 ಅನ್ನೇ ಬಳಸಿರೆಂದು ಕಂಪನಿ ಮೊದಮೊದಲು ಮೆಕ್ಯಾನಿಕ್‌ಗಳಿಗೆ ಸೂಚಿಸಿತ್ತು. ಹೊಸದು, ದುಬಾರಿ ಎಂದ ಮಾತ್ರಕ್ಕೆ ಎಲ್ಲಕ್ಕೂ ಹೊಂದುವುದಿಲ್ಲ ಎನ್ನಲು ಇದಕ್ಕಿಂತ ಉದಾಹರಣೆ ಬೇಕೆ?

ಬದಲಿಸುವ ಲೆಕ್ಕ

ಈ ಗೇರ್ ಬಾಕ್ಸಿನಲ್ಲಿ ಒಟ್ಟು ಸುಮಾರು 9 ಲೀಟರ್ ಎಣ್ಣೆ ಇರುತ್ತದೆ. ಅಡಿಯ ತಟ್ಟೆ ಬಿಚ್ಚಿದರೆ ಹೊರಬರುವುದು ಸುಮಾರು 4 ಲೀಟರ್ ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರ್ ಮುಂತಾದೆಡೆ ನಿಂತಿರುತ್ತದೆ. ಹಾಗಾಗಿ ಒಮ್ಮೆ ಬದಲಿಸಿದರೆ ಹಳೆಯ ಎಣ್ಣೆ ಶೇ. 56ರಷ್ಟು ಉಳಿಯುತ್ತದೆ. ಸ್ವಲ್ಪ ದಿನ ಓಡಿಸಿ ಮತ್ತೆ ಬದಲಿಸಿದರೆ ಶೇ. 31, ಮೂರನೆಯ ಸಲಕ್ಕೆ ಶೇ. 17. ಒಂಬತ್ತನೇ ಐದನ್ನು (5/9) ಅದರಿಂದಲೇ ಗುಣಿಸುತ್ತ ಹೋದರೆ ವಿದ್ಯಾರ್ಥಿಗಳಿಗೂ ಈ ಉತ್ತರ ಸಿಕ್ಕೀತು.

ತಟ್ಟೆ ಬಿಚ್ಚಿದಾಗ ಫಿಲ್ಟರನ್ನೂ ಬದಲಿಸಬೇಕು. ಒಳಗಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಪುಡಿ ಅಂಟಿದ್ದರೆ ಅದು ಸಹಜ ಸವೆತ. ಲೋಹದ ಚೂರುಗಳಿದ್ದರೆ ಅಪಾಯದ ಸೂಚನೆ. ಸವೆದುಹೋದ ಕ್ಲಚ್ಚನ್ನು ಯಾವ ಹೊಸ ಎಣ್ಣೆಯೂ ಸರಿಪಡಿಸಲಾರದು.

ಈ ವ್ಯಾನುಗಳಲ್ಲಿ ಎಣ್ಣೆಯ ಮಟ್ಟವನ್ನು ಸಮತಟ್ಟಾದ ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಬಿಸಿಗೆ ಎಣ್ಣೆ ಹಿಗ್ಗುವುದರಿಂದ ಅಳತೆ ಕಡ್ಡಿಯಲ್ಲಿ ಬಿಸಿ ಎಣ್ಣೆಗೆ ಬೇರೆಯೇ ಗುರುತು ಇರುತ್ತದೆ. ಹೆಚ್ಚಾಗಿ ಸುರಿದರೂ ಕೇಡೇ. ತಿರುಗುವ ಗೇರುಗಳು ಕಡೆದು ನೊರೆ ಎಬ್ಬಿಸುತ್ತವೆ, ಒತ್ತಡ ಕುಸಿಯುತ್ತದೆ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಸುಳುವುದಂತೂ ಪ್ರಾಣಕ್ಕೇ ಸಂಚಕಾರ.

ನಮ್ಮ ಊರುಗಳಲ್ಲೂ ಈಗ ಕ್ಲಚ್ ಪೆಡಲ್ ಇಲ್ಲದ ಕಾರುಗಳು ಸಾಕಷ್ಟಿವೆ. ಅವುಗಳಲ್ಲೂ ಸಿವಿಟಿ ಬಗೆಯ ಗೇರ್ ಬಾಕ್ಸಿಗೆ ಬೇಕಾದ ಎಣ್ಣೆಯೇ ಬೇರೆ. ಮನೆಯಲ್ಲಿ ಅಂಥ ಕಾರಿದ್ದರೆ ಕೈಪಿಡಿ ತೆರೆದು ಅದಕ್ಕೆ ಹೇಳಿರುವ ಎಣ್ಣೆಯ ದರ್ಜೆಯನ್ನು ಮಕ್ಕಳಿಂದಲೇ ಹುಡುಕಿಸಿ ಬರೆಸಿಡಿ. ಗ್ಯಾರೇಜಿನ ಬಿಲ್ಲಿನಲ್ಲೂ ಅದೇ ಹೆಸರು, ಅದೇ ಸಂಖ್ಯೆ ಇದೆಯೇ ಎಂದು ಪ್ರತಿ ಸಲವೂ ಹೋಲಿಸಿ ನೋಡಿ.