ಭಾವಚಿತ್ರಗಳಲ್ಲಿ ಕನ್ನಡಕದ ಹೊಳಪು: ತಡೆಯುವ ಮತ್ತು ಸರಿಪಡಿಸುವ ಕ್ರಮಗಳು

(ಹಾವೇರಿ, ರಾಣೇಬೆನ್ನೂರು ಹಾಗೂ ಬ್ಯಾಡಗಿ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಸರ್ಕಾರದ ವಿವಿಧ ಸೇವೆಗಳನ್ನು ಕೋರಿ ಸಲ್ಲಿಸುವ ಅರ್ಜಿಗಳಲ್ಲಿ ಅರ್ಜಿದಾರರ ಭಾವಚಿತ್ರವು ಒಂದು ಮುಖ್ಯ ದಾಖಲೆಯಾಗಿರುತ್ತದೆ. ಹೆಸರು, ವಿಳಾಸ, ಜನ್ಮ ದಿನಾಂಕ ಇವೆಲ್ಲವೂ ಸರಿಯಾಗಿದ್ದು, ಭಾವಚಿತ್ರವೊಂದು ಸ್ಪಷ್ಟವಾಗಿರದ ಕಾರಣಕ್ಕೆ ಅರ್ಜಿಯು ಹಿಂದಿರುಗಿದಲ್ಲಿ ಅರ್ಜಿದಾರರಿಗೆ ಆಗುವ ತೊಂದರೆ ಸಣ್ಣದಲ್ಲ. ದೂರದ ಗ್ರಾಮದಿಂದ ತಾಲ್ಲೂಕು ಕೇಂದ್ರಕ್ಕೆ ಬಂದು ಹೋಗುವ ಹಿರಿಯ ನಾಗರಿಕರಿಗೆ ಅದು ಇನ್ನೊಂದು ದಿನದ ಪ್ರಯಾಣ. ಕೂಲಿ ಕಾರ್ಮಿಕರಿಗೆ ಒಂದು ದಿನದ ದುಡಿಮೆಯ ನಷ್ಟ. ವಿದ್ಯಾರ್ಥಿಗಳಿಗೆ ಕೊನೆಯ ದಿನಾಂಕ ತಪ್ಪುವ ಭಯ.

ಕನ್ನಡಕ (ಆಡುಮಾತಿನಲ್ಲಿ ಚಾಳೀಸು) ಧರಿಸುವವರ ಭಾವಚಿತ್ರಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವೆಂದರೆ ಕನ್ನಡಕದ ಗಾಜಿನ ಮೇಲೆ ಬೆಳಕು ಬಿದ್ದು ಕಣ್ಣಿನ ಜಾಗದಲ್ಲಿ ಬಿಳಿ ಅಥವಾ ಹಸಿರು ಬಣ್ಣದ ಕಲೆ ಮೂಡುವುದು. ಮುಖವನ್ನು ಗುರುತಿಸಲು ಕಣ್ಣುಗಳೇ ಪ್ರಧಾನವಾದುದರಿಂದ ಇಂತಹ ಚಿತ್ರವು ಗುರುತಿನ ದಾಖಲೆಗೆ ತಕ್ಕುದಲ್ಲ. ಸದರಿ ದೋಷವು ಏಕೆ ಉಂಟಾಗುತ್ತದೆ, ಅದನ್ನು ತಡೆಯುವುದು ಹೇಗೆ ಹಾಗೂ ಈಗಾಗಲೇ ಆಗಿದ್ದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಯಾವ ದಾಖಲೆಗೆ ಯಾವ ನಿಯಮ

ಕನ್ನಡಕದ ಬಗ್ಗೆ ಎಲ್ಲ ದಾಖಲೆಗಳಿಗೂ ಒಂದೇ ನಿಯಮವಿರುವುದಿಲ್ಲ. ಆದ್ದರಿಂದ ಛಾಯಾಚಿತ್ರ ತೆಗೆಸುವ ಮೊದಲೇ ಯಾವ ಸೇವೆಗಾಗಿ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಅ) ಮತದಾರರ ಗುರುತಿನ ಚೀಟಿ: ಭಾರತ ಚುನಾವಣಾ ಆಯೋಗವು 1993ರಲ್ಲಿ ಭಾವಚಿತ್ರ ಸಹಿತ ಗುರುತಿನ ಚೀಟಿಯನ್ನು ಜಾರಿಗೆ ತಂದಿತು. ಹೊಸದಾಗಿ ಹೆಸರು ಸೇರಿಸಲು ನಮೂನೆ-6 ಹಾಗೂ ತಿದ್ದುಪಡಿಗೆ ನಮೂನೆ-8 ಇರುತ್ತದೆ. ಬಿಳಿ ಹಿನ್ನೆಲೆಯ, 4.5 ಸೆಂ.ಮೀ. ಎತ್ತರ ಮತ್ತು 3.5 ಸೆಂ.ಮೀ. ಅಗಲದ ಬಣ್ಣದ ಭಾವಚಿತ್ರ ಅಗತ್ಯ. ಮುಖ ನೇರವಾಗಿದ್ದು ಕಣ್ಣುಗಳು ತೆರೆದಿರಬೇಕು.

ಆ) ಆಧಾರ್: ಭಾವಚಿತ್ರವನ್ನು ನೋಂದಣಿ ಕೇಂದ್ರದಲ್ಲಿಯೇ ತೆಗೆಯಲಾಗುತ್ತದೆ, ಅರ್ಜಿದಾರರು ಚಿತ್ರವನ್ನು ತರಬೇಕಾಗಿಲ್ಲ. ಕಪ್ಪು ಅಥವಾ ಬಣ್ಣದ ಕನ್ನಡಕವನ್ನು ತೆಗೆಯಬೇಕು. ಕಣ್ಣಿನ ಪಾಪೆಯ ಗುರುತನ್ನು ಪಡೆಯುವಾಗ ಯಾವುದೇ ಕನ್ನಡಕ ಇರಬಾರದು.

ಇ) ಚಾಲನಾ ಪರವಾನಗಿ: ಹಾವೇರಿ (ಕೆಎ-27) ಹಾಗೂ ರಾಣೇಬೆನ್ನೂರು (ಕೆಎ-68) ಸಾರಿಗೆ ಕಚೇರಿಗಳಿಗೆ ಬರುವ ಅರ್ಜಿದಾರರು, ಕಚೇರಿಯ ಕ್ಯಾಮೆರಾದ ಮುಂದೆ ಕುಳಿತುಕೊಳ್ಳುವಾಗ ಈ ಕೆಳಗಿನ 4ನೇ ಕಂಡಿಕೆಯ ಸೂಚನೆಗಳನ್ನು ನೆನಪಿಡುವುದು ಒಳ್ಳೆಯದು.

ಈ) ಪಾಸ್‌ಪೋರ್ಟ್: ಹುಬ್ಬಳ್ಳಿಯಲ್ಲಿರುವಂತಹ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ವಯಸ್ಕರ ಚಿತ್ರವನ್ನು ಸ್ಥಳದಲ್ಲಿಯೇ ತೆಗೆಯಲಾಗುತ್ತದೆ. ವಿದೇಶದಲ್ಲಿ ನೆಲೆಸಿರುವ ಕುಟುಂಬದ ಸದಸ್ಯರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಅರ್ಜಿ ಸಲ್ಲಿಸುವುದಾದರೆ, 2025ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡಕ್ಕೆ ಅನುಗುಣವಾದ ಚಿತ್ರ ನೀಡಬೇಕು. ಹೊಳಪನ್ನು ತಪ್ಪಿಸಲು ಕನ್ನಡಕ ತೆಗೆದಿರಬೇಕು.

ಉ) ಅಮೆರಿಕದ ವೀಸಾ: 2016ರ ನವೆಂಬರ್ 1ರಿಂದ ಕನ್ನಡಕ ಧರಿಸಿದ ಚಿತ್ರಗಳನ್ನು ಸ್ವೀಕರಿಸುತ್ತಿಲ್ಲ.

ಮೇಲ್ಕಂಡ ವಿವರಗಳಿಂದ ತಿಳಿದುಬರುವುದೇನೆಂದರೆ, ಗುರುತಿನ ದಾಖಲೆಗೆ ಕನ್ನಡಕ ತೆಗೆದು ಚಿತ್ರ ತೆಗೆಸುವುದೇ ಎಲ್ಲಕ್ಕಿಂತ ಸುರಕ್ಷಿತ ಮಾರ್ಗ. ಆದರೆ ಸದಾ ಕನ್ನಡಕ ಧರಿಸುವವರು, ನಿಯಮದಲ್ಲಿ ಅವಕಾಶವಿದ್ದಲ್ಲಿ, ಧರಿಸಿಯೇ ಚಿತ್ರ ತೆಗೆಸಲು ಇಚ್ಛಿಸುವುದು ಸಹಜ. ಅಂತಹವರಿಗಾಗಿ ಮುಂದಿನ ಕಂಡಿಕೆಗಳು.

3. ಹೊಳಪು ಉಂಟಾಗಲು ಕಾರಣ

ಕ್ಯಾರಂ ಆಟದಲ್ಲಿ ಕಾಯಿಯು ಹಲಗೆಯ ಅಂಚಿಗೆ ಯಾವ ಕೋನದಲ್ಲಿ ಬಡಿಯುವುದೋ ಅದೇ ಕೋನದಲ್ಲಿ ಇನ್ನೊಂದು ಬದಿಗೆ ಹೊರಳುವುದನ್ನು ಎಲ್ಲರೂ ನೋಡಿರುತ್ತಾರೆ. ಬೆಳಕೂ ಹಾಗೆಯೇ. ದೀಪದಿಂದ ಹೊರಟ ಬೆಳಕು ಕನ್ನಡಕದ ಗಾಜಿಗೆ ತಗುಲಿ ಅಷ್ಟೇ ಕೋನದಲ್ಲಿ ಹಿಂದಿರುಗುತ್ತದೆ. ಹಿಂದಿರುಗುವ ದಾರಿಯಲ್ಲಿ ಕ್ಯಾಮೆರಾ ಇದ್ದರೆ ಹೊಳಪು ದಾಖಲಾಗುತ್ತದೆ, ಇಲ್ಲದಿದ್ದರೆ ಇಲ್ಲ. ಕ್ಯಾಮೆರಾದ ಮೇಲೆಯೇ ಇರುವ ಫ್ಲ್ಯಾಶ್ ಹೆಚ್ಚು ತೊಂದರೆ ಕೊಡುವುದು ಈ ಕಾರಣದಿಂದಲೇ: ಅದರ ಬೆಳಕು ನೇರವಾಗಿ ಹೋಗಿ ನೇರವಾಗಿ ಮರಳುತ್ತದೆ.

ಸಾಮಾನ್ಯ ಪ್ಲಾಸ್ಟಿಕ್ ಅಥವಾ ಗಾಜಿನ ಮಸೂರದ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಿರುಗಿಸುತ್ತದೆ. ಮುಂದಿನ ಮತ್ತು ಹಿಂದಿನ ಮೈಗಳು ಸೇರಿ ಇದು ಸುಮಾರು ಶೇ. 8 ಆಗುತ್ತದೆ. ಹೆಚ್ಚು ಪವರ್ ಇರುವವರಿಗೆ ನೀಡುವ ತೆಳುವಾದ ವಿಶೇಷ ಮಸೂರಗಳಲ್ಲಿ ಈ ಪ್ರಮಾಣ ಇನ್ನೂ ಅಧಿಕ. ಪ್ರತಿಫಲನ ನಿರೋಧಕ ಲೇಪನವಿರುವ ಮಸೂರಗಳಲ್ಲಿ ಇದು ಬಹಳಷ್ಟು ಇಳಿಯುತ್ತದೆ. ಈ ಲೇಪನದ ವಿಧಾನವನ್ನು 1935ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ಅವರು ರೂಪಿಸಿದರು. ಆದಾಗ್ಯೂ ಲೇಪನವು ಹೊಳಪನ್ನು ಪೂರ್ಣವಾಗಿ ನಿವಾರಿಸುವುದಿಲ್ಲ. ಉಳಿದ ಅಲ್ಪ ಬೆಳಕು ಹಸಿರು ಅಥವಾ ನೇರಳೆ ಬಣ್ಣದಲ್ಲಿ ಕಾಣುತ್ತದೆ. ಲೇಪನವಿದೆಯೆಂದು ಎಚ್ಚರ ತಪ್ಪಬಾರದು.

4. ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

• ಕನ್ನಡಕವನ್ನು ಮೃದುವಾದ ಬಟ್ಟೆಯಿಂದ ಒರೆಸಿಕೊಳ್ಳತಕ್ಕದ್ದು. ಧೂಳು ಮತ್ತು ಎಣ್ಣೆಯ ಪಸೆ ಬೆಳಕನ್ನು ಚದುರಿಸಿ ಗಾಜನ್ನು ಮಬ್ಬಾಗಿಸುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಕೆಲಸ ಮುಗಿಸಿ ನೇರವಾಗಿ ಸ್ಟುಡಿಯೋಗೆ ಬರುವವರು ಮುಖ ಮತ್ತು ಕೈ ತೊಳೆದುಕೊಂಡು, ಕಣ್ಣಿನ ಉರಿ ಹಾಗೂ ಕೆಂಪು ಇಳಿದ ಮೇಲೆ ಚಿತ್ರ ತೆಗೆಸುವುದು ಸೂಕ್ತ.

• ಬಿಸಿಲಿನಲ್ಲಿ ತಾನಾಗಿಯೇ ಕಪ್ಪಾಗುವ ಕನ್ನಡಕವಿದ್ದಲ್ಲಿ, ಒಳಗೆ ಬಂದು ಕನಿಷ್ಠ ಹತ್ತು ನಿಮಿಷ ಕುಳಿತುಕೊಳ್ಳಬೇಕು. ಇಂತಹ ಗಾಜು ಬಿಸಿಲಿಗೆ ಬೇಗನೆ ಕಪ್ಪಾಗುತ್ತದೆ. ತಿಳಿಯಾಗಲು ಹೆಚ್ಚು ಸಮಯ ಬೇಕು.

• ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಅರ್ಧ ಸೆಂಟಿಮೀಟರ್‌ನಷ್ಟು ಎತ್ತಿದರೆ ಗಾಜು ಸ್ವಲ್ಪ ಕೆಳಮುಖವಾಗಿ ವಾಲಿ, ಹೊಳಪು ಕೆಳಗೆ ಸರಿಯುತ್ತದೆ. ಬದಿಯಿಂದ ನೋಡಿದಾಗ ಮಾತ್ರ ಈ ಬದಲಾವಣೆ ತಿಳಿಯುತ್ತದೆ, ಮುಂದಿನಿಂದ ಗೊತ್ತಾಗುವುದಿಲ್ಲ. ಆದರೆ ಚೌಕಟ್ಟಿನ ಅಂಚು ಕಣ್ಣನ್ನು ಮರೆಮಾಡದಂತೆ ನೋಡಿಕೊಳ್ಳಬೇಕು.

• ಮುಖವನ್ನು ಬದಿಗೆ ತಿರುಗಿಸುವುದು ಅಥವಾ ಹೆಚ್ಚಾಗಿ ತಗ್ಗಿಸುವುದು ಗುರುತಿನ ಚಿತ್ರಕ್ಕೆ ಸರಿಯಲ್ಲ. ಮುಖ ನೇರವಾಗಿಯೇ ಇರಲಿ. ಬದಲಿಸಬೇಕಾದುದು ಕನ್ನಡಕದ ವಾಲಿಕೆ ಮತ್ತು ದೀಪದ ಸ್ಥಾನ.

• ಕನ್ನಡಕ ತೆಗೆದು ಚಿತ್ರ ತೆಗೆಸುವವರು ಐದು ನಿಮಿಷ ಮುಂಚಿತವಾಗಿ ತೆಗೆದಿಟ್ಟರೆ ಮೂಗಿನ ಮೇಲಿನ ಒತ್ತು ಗುರುತು ಮಾಯುತ್ತದೆ. ದೂರದ್ದು ಕಾಣಿಸದೆ ಕಣ್ಣು ಕಿರಿದಾಗುವವರು, ಚಿತ್ರ ತೆಗೆಯುವವರು ಹೇಳಿದಾಗ ಒಮ್ಮೆ ಕಣ್ಣು ಮುಚ್ಚಿ ನಿಧಾನವಾಗಿ ತೆರೆಯುವುದು ಸಹಾಯಕ.

• ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ನೀಡಿರುವ ಕಪ್ಪು ಕನ್ನಡಕವನ್ನು ಚಿತ್ರಕ್ಕಾಗಿ ತೆಗೆಯುವ ಮುನ್ನ ವೈದ್ಯರ ಸಲಹೆ ಪಡೆಯತಕ್ಕದ್ದು. ಸಾಧ್ಯವಿದ್ದಲ್ಲಿ ಚಿತ್ರ ತೆಗೆಸುವುದನ್ನು ಮುಂದೂಡುವುದೇ ಲೇಸು. ದಾಖಲೆಗಿಂತ ಕಣ್ಣು ಮುಖ್ಯ.

5. ಸ್ಟುಡಿಯೋ ಹಾಗೂ ಸೇವಾ ಕೇಂದ್ರದವರಿಗೆ ಸೂಚನೆಗಳು

ಕ್ಯಾಮೆರಾ ಇರುವ ಜಾಗದಲ್ಲಿ ತಮ್ಮ ತಲೆಯನ್ನಿಟ್ಟು ಅರ್ಜಿದಾರರ ಕನ್ನಡಕವನ್ನು ನೋಡಿದರೆ ಯಾವ ದೀಪ ಅಥವಾ ಕಿಟಕಿ ಅದರಲ್ಲಿ ಕಾಣುತ್ತಿದೆ ಎಂಬುದು ತಕ್ಷಣ ತಿಳಿಯುತ್ತದೆ. ಅಲ್ಲಿ ಕಂಡದ್ದೇ ಚಿತ್ರದಲ್ಲಿಯೂ ಬರುತ್ತದೆ. ಅದನ್ನು ಗುರುತಿಸಿ ಒಂದೊಂದಾಗಿ ನಿವಾರಿಸತಕ್ಕದ್ದು.

ದೀಪವನ್ನು ಕ್ಯಾಮೆರಾದ ಅಕ್ಕಪಕ್ಕದಲ್ಲಿ ಇಡದೆ, ಕಣ್ಣಿನ ಮಟ್ಟಕ್ಕಿಂತ ಸಾಕಷ್ಟು ಎತ್ತರಕ್ಕೆ ಅಥವಾ ಬದಿಗೆ 45 ಡಿಗ್ರಿಗೂ ಹೆಚ್ಚು ಕೋನಕ್ಕೆ ಸರಿಸಬೇಕು. ಮಸೂರದ ಮೈ ಉಬ್ಬಾಗಿರುವುದರಿಂದ ಅದು ಅಗಲವಾದ ಪ್ರದೇಶದ ಬೆಳಕನ್ನು ಹಿಡಿಯುತ್ತದೆ. ಅಲ್ಪಸ್ವಲ್ಪ ಸರಿಸಿದರೆ ಸಾಲದು. ಕೊಡೆ ಅಥವಾ ಬಿಳಿ ಬಟ್ಟೆಯ ಹೊದಿಕೆ ಹಾಕಿದರೆ ಹೊಳಪು ಹೋಗುತ್ತದೆ ಎಂಬ ನಂಬಿಕೆಯಿದೆ. ವಾಸ್ತವವಾಗಿ ಬೆಳಕು ಮೃದುವಾದರೂ ದೀಪದ ಗಾತ್ರ ದೊಡ್ಡದಾಗುವುದರಿಂದ, ಸ್ಥಾನ ಬದಲಿಸದಿದ್ದಲ್ಲಿ ಗಾಜಿನ ಮೇಲಿನ ಬಿಳಿ ಕಲೆಯೂ ದೊಡ್ಡದಾಗುತ್ತದೆ. ವೃತ್ತಾಕಾರದ ದೀಪವು ಎರಡೂ ಗಾಜುಗಳಲ್ಲಿ ಬಳೆಯಂತಹ ಗುರುತನ್ನು ಮೂಡಿಸುತ್ತದೆ.

ರಸ್ತೆಗೆ ತೆರೆದುಕೊಂಡಿರುವ ಅಂಗಡಿಗಳಲ್ಲಿ ಕ್ಯಾಮೆರಾದ ಹಿಂದಿನ ಬಾಗಿಲು, ಆಚೆಯ ಆಕಾಶ ಕನ್ನಡಕದಲ್ಲಿ ಕಾಣುತ್ತವೆ. ಪರದೆ ಎಳೆಯುವುದು ಅಥವಾ ಕುರ್ಚಿಯ ದಿಕ್ಕು ಬದಲಿಸುವುದು ಅಗತ್ಯ. ಗಣಕಯಂತ್ರದ ಮೇಲೆ ಕ್ಯಾಮೆರಾ ಇರುವ ಸೇವಾ ಕೇಂದ್ರಗಳಲ್ಲಿ ಪರದೆಯ ಬೆಳಕು ಹಾಗೂ ನಿರ್ವಾಹಕರ ಹಿಂದಿನ ಟ್ಯೂಬ್‌ಲೈಟ್ ಎರಡನ್ನೂ ಪರಿಶೀಲಿಸಬೇಕು. ಪರದೆಯ ಪ್ರಕಾಶವನ್ನು ತಗ್ಗಿಸುವುದು ಕ್ಷಣದ ಕೆಲಸ.

6. ಮನೆಯಲ್ಲಿ ಮೊಬೈಲ್‌ನಿಂದ ತೆಗೆಯುವುದಾದರೆ

ಆನ್‌ಲೈನ್ ಅರ್ಜಿಗಾಗಿ ಮನೆಯಲ್ಲಿಯೇ ಚಿತ್ರ ತೆಗೆಯುವವರಿಗೆ ಪಡಸಾಲೆಯ ನೆರಳು ಉತ್ತಮ ಸ್ಥಳ. ಬಿಳಿ ಗೋಡೆಯಿಂದ ಅರ್ಧ ಮೀಟರ್ ಮುಂದೆ ಕುಳಿತು, ಅಂಗಳದ ಬೆಳಕು ಎದುರಿನಿಂದ ಬೀಳದೆ ಬದಿಯಿಂದ ಬೀಳುವಂತೆ ಕುರ್ಚಿಯನ್ನು ತಿರುಗಿಸಿಕೊಳ್ಳಬೇಕು. ಇನ್ನೊಂದು ಬದಿಯಲ್ಲಿ ಬಿಳಿ ಪಂಚೆ ಅಥವಾ ಹಾಳೆಯನ್ನು ಹಿಡಿದರೆ ಮುಖದ ಮೇಲಿನ ನೆರಳು ತಿಳಿಯಾಗುತ್ತದೆ. ಫ್ಲ್ಯಾಶ್ ನಿಲ್ಲಿಸಿ, ಸುಮಾರು ಒಂದೂವರೆ ಮೀಟರ್ ದೂರದಿಂದ, ಕಣ್ಣಿನ ಮಟ್ಟದಲ್ಲಿ ಮೊಬೈಲ್ ಹಿಡಿದು ಬೇರೊಬ್ಬರು ಚಿತ್ರ ತೆಗೆಯುವುದು ಸರಿಯಾದ ವಿಧಾನ. ತೋಳಿನ ಅಳತೆಯಲ್ಲಿ ಸ್ವತಃ ತೆಗೆದುಕೊಂಡರೆ ಮೂಗು ದೊಡ್ಡದಾಗಿ ಕಾಣುವುದಲ್ಲದೆ ಮೊಬೈಲ್ ಪರದೆಯೂ ಗಾಜಿನಲ್ಲಿ ಮೂಡುತ್ತದೆ.

ಮುಖ ಗುರುತಿಸುವ ವ್ಯವಸ್ಥೆಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಪಿಂಚಣಿದಾರರ ಜೀವನ ಪ್ರಮಾಣ ಪತ್ರಕ್ಕೆ 2021ರಲ್ಲಿ ಹಾಗೂ ಪಿ.ಎಂ. ಕಿಸಾನ್ ಯೋಜನೆಯ ಇ-ಕೆವೈಸಿಗೆ 2023ರಲ್ಲಿ ಈ ಸೌಲಭ್ಯ ಕಲ್ಪಿಸಲಾಗಿದೆ. ಬೆರಳಚ್ಚು ಸವೆದಿರುವ ರೈತರಿಗೆ ಮತ್ತು ವಯೋವೃದ್ಧರಿಗೆ ಇದು ಬಹು ಉಪಯುಕ್ತ. ಮುಖ ಹೊಂದಾಣಿಕೆಯಾಗದಿದ್ದಲ್ಲಿ ಮೊಬೈಲ್‌ನ ಕ್ಯಾಮೆರಾ ಒರೆಸಿ, ದೀಪ ಅಥವಾ ಕಿಟಕಿ ಬೆನ್ನ ಹಿಂದೆ ಇರದಂತೆ ಕುಳಿತು, ಕನ್ನಡಕ ತೆಗೆದು ಮತ್ತೊಮ್ಮೆ ಪ್ರಯತ್ನಿಸುವುದು.

7. ಹೊಳಪು ಬಂದಿರುವ ಚಿತ್ರವನ್ನು ಸರಿಪಡಿಸುವ ಬಗ್ಗೆ

ಮದುವೆ, ಗೃಹಪ್ರವೇಶ ಮುಂತಾದ ಕೌಟುಂಬಿಕ ಚಿತ್ರಗಳಲ್ಲಿ ಹೊಳಪನ್ನು ಗಣಕಯಂತ್ರದಲ್ಲಿ ತಿದ್ದಬಹುದು. ಒಂದೇ ಭಂಗಿಯಲ್ಲಿ ಕನ್ನಡಕ ಸಹಿತ ಒಂದು ಹಾಗೂ ರಹಿತ ಇನ್ನೊಂದು ಚಿತ್ರ ತೆಗೆದು, ಎರಡನೆಯದರ ಕಣ್ಣುಗಳನ್ನು ಮೊದಲನೆಯದಕ್ಕೆ ಜೋಡಿಸುವುದು ಛಾಯಾಗ್ರಾಹಕರು ಬಲ್ಲ ವಿಧಾನ.

ಆದರೆ ಗುರುತಿನ ದಾಖಲೆಗೆ ಈ ವಿಧಾನ ಸಲ್ಲದು. ಬಿಳಿ ಕಲೆಯ ಅಡಿಯಲ್ಲಿ ಕಣ್ಣು ದಾಖಲಾಗಿರದಿದ್ದಲ್ಲಿ ತಿದ್ದುವವರು ಅಥವಾ ತಂತ್ರಾಂಶವು ಅಲ್ಲಿ ಕಲ್ಪಿತ ಕಣ್ಣೊಂದನ್ನು ಬರೆದಂತಾಗುತ್ತದೆ. ಕೃತಕ ಬುದ್ಧಿಮತ್ತೆಯ ಮೊಬೈಲ್ ಅನ್ವಯಗಳು ಇದನ್ನು ಅತ್ಯಂತ ಸಹಜವೆಂಬಂತೆ ಮಾಡುತ್ತವೆ; ಆದರೆ ಆ ಕಣ್ಣು ಅರ್ಜಿದಾರರದ್ದಾಗಿರುವುದಿಲ್ಲ. ಮುಂದೆ ಮುಖ ಹೊಂದಾಣಿಕೆಯ ಸಂದರ್ಭದಲ್ಲಿ ತೊಂದರೆಗೆ ಒಳಗಾಗುವವರೂ ಅರ್ಜಿದಾರರೇ. ಆದ್ದರಿಂದ ಅಳತೆಗೆ ತಕ್ಕಂತೆ ಅಂಚು ಕತ್ತರಿಸುವುದನ್ನು ಬಿಟ್ಟು ಬೇರಾವ ಬದಲಾವಣೆಯನ್ನೂ ಮಾಡದೆ, ಹೊಸದಾಗಿ ಚಿತ್ರ ತೆಗೆಸತಕ್ಕದ್ದು.

ಮುದ್ರಿತ ಚಿತ್ರವನ್ನು ಮೊಬೈಲ್‌ನಿಂದ ಮರುಚಿತ್ರಿಸಿ ಅಪ್‌ಲೋಡ್ ಮಾಡುವುದರಿಂದಲೂ ಹೊಳಪು ಬರುತ್ತದೆ. ಇಲ್ಲಿ ದೋಷ ಕನ್ನಡಕದ್ದಲ್ಲ, ನುಣುಪಾದ ಕಾಗದದ್ದು. ಸ್ಟುಡಿಯೋದಲ್ಲಿ ಹಣ ಪಾವತಿಸುವಾಗಲೇ ಚಿತ್ರದ ಸಾಫ್ಟ್ ಕಾಪಿಯನ್ನು ಕೇಳಿ ಪಡೆಯುವುದು.

ಈಗಾಗಲೇ ವಿತರಣೆಯಾಗಿರುವ ಮತದಾರರ ಗುರುತಿನ ಚೀಟಿಯಲ್ಲಿ ಚಿತ್ರ ಅಸ್ಪಷ್ಟವಾಗಿದ್ದಲ್ಲಿ ನಮೂನೆ-8ರಲ್ಲಿ ಅರ್ಜಿ ಸಲ್ಲಿಸಬಹುದು. ಆಧಾರ್ ಚಿತ್ರವನ್ನು ಬದಲಿಸಲು ನೋಂದಣಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಹೆಚ್ಚಿನ ಮಾಹಿತಿಗೆ ಮತದಾರರ ಸಹಾಯವಾಣಿ 1950 ಹಾಗೂ ಆಧಾರ್ ಸಹಾಯವಾಣಿ 1947 ಇವುಗಳನ್ನು ಸಂಪರ್ಕಿಸಬಹುದು.

8. ಕೊನೆಯ ಪರಿಶೀಲನೆ

ಸ್ಟುಡಿಯೋ ಅಥವಾ ಕೇಂದ್ರದಿಂದ ಹೊರಡುವ ಮುನ್ನ ಚಿತ್ರವನ್ನು ಪರದೆಯ ಮೇಲೆ ದೊಡ್ಡದಾಗಿಸಿ ತೋರಿಸುವಂತೆ ಕೇಳತಕ್ಕದ್ದು. ಎರಡೂ ಕಣ್ಣುಗಳ ಕಪ್ಪು ಭಾಗ ಪೂರ್ಣವಾಗಿ ಕಾಣುತ್ತಿದೆಯೇ? ಗಾಜಿನ ಮೇಲೆ ಬಿಳಿ ಅಥವಾ ಹಸಿರು ಕಲೆಯಿದೆಯೇ? ಚೌಕಟ್ಟು ಕಣ್ಣನ್ನು ಮುಚ್ಚಿದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಲು ಅರ್ಧ ನಿಮಿಷ ಸಾಕು. ಓದು ಬಾರದ ಹಿರಿಯರ ಜೊತೆ ಬಂದವರು ಅವರ ಪರವಾಗಿ ಇದನ್ನು ನೋಡಬೇಕು. ದೋಷ ಕಂಡುಬಂದಲ್ಲಿ ಇನ್ನೊಮ್ಮೆ ತೆಗೆಯುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ. ಆ ಅರ್ಧ ನಿಮಿಷವು ಮತ್ತೊಂದು ದಿನದ ಓಡಾಟವನ್ನು ತಪ್ಪಿಸುತ್ತದೆ.

ಸಾರ್ವಜನಿಕರು ಮೇಲ್ಕಂಡ ಸೂಚನೆಗಳನ್ನು ಗಮನಿಸಿ, ಸ್ಪಷ್ಟವಾದ ಭಾವಚಿತ್ರದೊಂದಿಗೆ ಅರ್ಜಿ ಸಲ್ಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.