ಕೈಗ್ರೈಂಡರು ಮತ್ತು ಸ್ಯಾಂಡರುಗಳ ಉಪಯೋಗದಲ್ಲಿ ವಹಿಸತಕ್ಕ ಎಚ್ಚರಿಕೆ

ಕುಡುಗೋಲು, ಮಚ್ಚು, ನೇಗಿಲಿನ ಕುಳ, ಮೇವು ಕತ್ತರಿಸುವ ಯಂತ್ರದ ಅಲಗು ಮುಂತಾದುವನ್ನು ಹದಮಾಡಿಸುವುದಕ್ಕೆ ಕಮ್ಮಾರನ ಕುಲುಮೆಯ ಮುಂದೆ ಕಾದು ಕುಳಿತಿರುವ ಪದ್ಧತಿಯು ಅನೇಕ ಗ್ರಾಮಗಳಲ್ಲಿ ಕಡಮೆಯಾಗುತ್ತ ಬಂದಿದೆ. ಅನುಕೂಲಸ್ಥರಾದ ಹಿಡುವಳಿದಾರರು ವಿದ್ಯುಚ್ಛಕ್ತಿಯಿಂದ ನಡೆಯುವ ಕೈಗ್ರೈಂಡರನ್ನೂ, ಮರವನ್ನು ಉಜ್ಜಿ ನಯಮಾಡುವ ಸ್ಯಾಂಡರನ್ನೂ ಮನೆಯಲ್ಲಿಯೇ ಇಟ್ಟುಕೊಂಡಿರುತ್ತಾರೆ. ಇವುಗಳಿಂದ ಕಾಲವೂ ಶ್ರಮವೂ ಉಳಿಯುವುದರಲ್ಲಿ ಸಂಶಯವಿಲ್ಲ. ಆದರೆ ಯಂತ್ರವನ್ನು ಕೊಳ್ಳುವವರು ಯಜಮಾನರು; ಅದನ್ನು ಹಿಡಿಯುವವನು ಬಹುಮಟ್ಟಿಗೆ ಆಳು. ಪೆಟ್ಟು ಬಿದ್ದರೆ ಅವನ ಕಣ್ಣಿಗೇ, ಅವನ ಕೈಗೇ ಬೀಳುವುದು. ಆದಕಾರಣ ಈ ವಿಷಯವನ್ನು ಮೊದಲು ಯಜಮಾನರೇ ತಿಳಿದುಕೊಳ್ಳುವುದು ಆವಶ್ಯಕವಾಗಿದೆ.

ಸಾಮಾನ್ಯವಾಗಿ ದೊರೆಯುವ 4 ಅಂಗುಲದ, ಎಂದರೆ 100 ಮಿಲಿಮೀಟರಿನ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಬಿಲ್ಲೆಯ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಿಂದ ಓಡುತ್ತಿರುತ್ತದೆ. ಬಿಲ್ಲೆಯಾದರೋ ಗಟ್ಟಿಯಾದ ಕಣಗಳನ್ನು ರಾಳದಿಂದ ಅಂಟಿಸಿ ಮಾಡಿದ ವಸ್ತು. ಅದು ಒಡೆದರೆ ಚೂರುಗಳು ಅದೇ ವೇಗದಿಂದ ಹಾರುತ್ತವೆ. ಅವುಗಳನ್ನು ಕೆಲಸಗಾರನ ಕಡೆಗೆ ಬಾರದಂತೆ ತಡೆಯುವುದಕ್ಕಾಗಿಯೇ ಯಂತ್ರಕ್ಕೆ ಕಬ್ಬಿಣದ ಗಾರ್ಡನ್ನು ಜೋಡಿಸಿರುತ್ತಾರೆ.

ದೊಡ್ಡ ಬಿಲ್ಲೆಯನ್ನು ಹಾಕಿದರೆ ಕೆಲಸವು ಬೇಗ ಸಾಗುವುದೆಂದು ಎಣಿಸಿ, ಗಾರ್ಡನ್ನು ಬಿಚ್ಚಿಟ್ಟು, ಚಿಕ್ಕ ಯಂತ್ರಕ್ಕೆ 7 ಅಂಗುಲದ ಬಿಲ್ಲೆಯನ್ನು ಸಿಕ್ಕಿಸುವುದುಂಟು. ಅಪಾಯಗಳಲ್ಲೆಲ್ಲ ಇದು ದೊಡ್ಡದು. 7 ಅಂಗುಲದ ಬಿಲ್ಲೆಯ ಮೇಲೆ ಸಾಧಾರಣವಾಗಿ ನಿಮಿಷಕ್ಕೆ 8,500 ಸುತ್ತು ಎಂಬ ಮಿತಿಯು ಅಚ್ಚಾಗಿರುತ್ತದೆ. ಅದರ ಅಂಚು ಸೆಕೆಂಡಿಗೆ 80 ಮೀಟರು ವೇಗವನ್ನು ಮಾತ್ರ ತಾಳಬಲ್ಲುದು. 11,000 ಸುತ್ತಿನ ಯಂತ್ರದಲ್ಲಿ ಈ ವೇಗವು 100 ಮೀಟರನ್ನು ಮೀರುತ್ತದೆ. ಗಾರ್ಡೂ ಇಲ್ಲ, ಮಿತಿಯೂ ಮೀರಿತು ಎಂದ ಮೇಲೆ ಅಪಾಯಕ್ಕೆ ಬೇರೆ ಕಾರಣವೇ ಬೇಡ. ಬಿಲ್ಲೆಯ ಮೇಲಿನ ಸಂಖ್ಯೆಯು ಯಂತ್ರದ ಮೇಲಿನ ಸಂಖ್ಯೆಗೆ ಸಮನಾಗಿಯಾಗಲಿ ಹೆಚ್ಚಾಗಿಯಾಗಲಿ ಇರತಕ್ಕದ್ದು. ಮರ ಕೊಯ್ಯುವ ಹಲ್ಲಿನ ಬಿಲ್ಲೆಯನ್ನು ಗ್ರೈಂಡರಿಗೆ ಹಾಕಲೇಕೂಡದು; ಹಲ್ಲು ಮರದಲ್ಲಿ ಕಚ್ಚಿಕೊಂಡೊಡನೆ ಯಂತ್ರವು ಹಿಂದಕ್ಕೆ ಚಿಮ್ಮಿ ಹಿಡಿದವನ ಮೇಲೆಯೇ ಬೀಳುತ್ತದೆ.

ಬಿಲ್ಲೆಯನ್ನು ಬದಲಾಯಿಸುವುದಕ್ಕೆ ಮುಂಚೆ ಪ್ಲಗ್ಗನ್ನು ಕೀಳಬೇಕು. ಬಿರುಕುಬಿಟ್ಟ, ಕೆಳಗೆ ಬಿದ್ದ, ನೀರಿನಲ್ಲಿ ನೆನೆದ ಬಿಲ್ಲೆಗಳನ್ನು ಮುರಿದು ಬಿಸಾಡುವುದೇ ಲಾಭ. ನಡುವಣ ಲೋಹದ ಬಳೆಯ ಮೇಲೆ ವಾಯಿದೆಯನ್ನು ಅಚ್ಚು ಮಾಡಿದ್ದರೆ ಅದನ್ನೂ ನೋಡಿಕೊಳ್ಳಬೇಕು. ಹೊಸ ಬಿಲ್ಲೆಯನ್ನು ಹಾಕಿದೊಡನೆ ಯಾರ ಕಡೆಗೂ ತಿರುಗಿಸದೆ ಒಂದು ನಿಮಿಷ ಬರಿದೆ ಓಡಿಸಿ ನೋಡುವುದು ಮೇಲು. ಕತ್ತರಿಸುವ ತೆಳುವಾದ ಬಿಲ್ಲೆಯ ಪಕ್ಕದಿಂದ ಉಜ್ಜಬಾರದು. ಕುಳವನ್ನಾಗಲಿ ಅಲಗನ್ನಾಗಲಿ ಕಾಲಿನಲ್ಲಿ ಮೆಟ್ಟಿ ಹಿಡಿಯದೆ ಇಕ್ಕಳದಲ್ಲಿ ಬಿಗಿದು, ಪಕ್ಕದ ಹಿಡಿಯನ್ನು ಹಾಕಿಕೊಂಡು ಎರಡು ಕೈಗಳಿಂದಲೂ ಯಂತ್ರವನ್ನು ಹಿಡಿಯತಕ್ಕದ್ದು. ಸ್ವಿಚ್ಚನ್ನು ಆರಿಸಿದರೂ ಬಿಲ್ಲೆಯು ಸ್ವಲ್ಪ ಹೊತ್ತು ತಿರುಗುತ್ತಲೇ ಇರುವುದರಿಂದ ಅದು ಪೂರ್ತಿಯಾಗಿ ನಿಲ್ಲದೆ ಕೆಳಗಿಡಬಾರದು. ಹೆಗಲ ಮೇಲಣ ವಲ್ಲಿ, ಜೋಲಾಡುವ ಪಂಚೆ ಅಥವಾ ಸೆರಗು, ಸಡಿಲವಾದ ತೋಳು, ದಾರ ಬಿಟ್ಟ ಕೈಚೀಲ ಇವು ಯಾವುವೂ ಯಂತ್ರದ ಹತ್ತಿರ ಸುಳಿಯಕೂಡದು.

ಕಿಡಿಗಳು ಹಲವು ಅಡಿಗಳ ದೂರ ಹಾರುತ್ತವೆ. ಮೇವಿನ ಬಣವೆ, ತೆಂಗಿನ ನಾರು, ಕಣದ ಹೊಟ್ಟು ಇರುವೆಡೆಯಲ್ಲಿ ಈ ಕೆಲಸವು ಸಲ್ಲದು. ಡೀಸೆಲ್ಲು, ಪೆಟ್ರೋಲು ತುಂಬಿದ್ದ ಪೀಪಾಯಿಯು ಬರಿದಾಗಿದ್ದರೂ ಒಳಗಿನ ಆವಿಯಿಂದ ಸಿಡಿಯಬಹುದಾದುದರಿಂದ ಅದನ್ನು ಗ್ರೈಂಡರಿನಿಂದ ಕೊಯ್ಯಲೇಬಾರದು.

ಸ್ಯಾಂಡರಿನಿಂದಾಗುವ ಕೇಡು ಮೆಲ್ಲಗೆ ಬರುತ್ತದೆ. ಮರದ ಧೂಳಿನಿಂದ ಅರ್ಬುದರೋಗವುಂಟಾಗಬಹುದೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದೆ. ಹಳೆಯ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸವಿರಬಹುದು. ಅದನ್ನು ಒಣಗಿದಂತೆಯೇ ಉಜ್ಜಿದರೆ ವಿಷದ ಧೂಳು ಮನೆಯ ಮಕ್ಕಳ ಹೊಟ್ಟೆಗೆ ಸೇರುತ್ತದೆ. ಅಂಥ ಬಣ್ಣವನ್ನು ಯಂತ್ರದಿಂದ ತೆಗೆಯದೆ, ನೀರು ಹಚ್ಚಿ ಕೈಯಿಂದ ಉಜ್ಜುವುದು ಲೇಸು. ಮರವನ್ನು ಉಜ್ಜುವಾಗ ಧೂಳನ್ನು ತಡೆಯುವ ಮುಖವಾಡವನ್ನು ಧರಿಸಬೇಕು. ವಲ್ಲಿಯ ಸುತ್ತು ಸಾಲದು.

ಓದುವ ಕನ್ನಡಕವು ಕಣ್ಣಿಗೆ ರಕ್ಷಣೆಯಲ್ಲ. ಪಕ್ಕಗಳೂ ಮುಚ್ಚಿರುವ ರಕ್ಷಣಾ ಕನ್ನಡಕವೇ ಬೇಕು. ಲೋಹದ ಚೂರು ಕಣ್ಣಿಗೆ ಸಿಡಿದರೆ ಉಜ್ಜುವುದು, ಬಟ್ಟೆಯ ತುದಿಯಿಂದ ತೆಗೆಯುವುದು, ಎಲೆಯ ರಸ ಹಿಂಡುವುದು ಇವೆಲ್ಲವೂ ಹಾನಿಕರ. ಕಣ್ಣನ್ನು ಒತ್ತದಂತೆ ಮುಚ್ಚಿ ಅಂದೇ ನೇತ್ರವೈದ್ಯರಲ್ಲಿಗೆ ಕರೆದುಕೊಂಡು ಹೋಗತಕ್ಕದ್ದು.

ನೆರೆಹೊರೆಯವರು ಕೇಳಿದಾಗ ಯಂತ್ರವನ್ನು ಎರವಲಾಗಿ ಕೊಡುವುದು ಗ್ರಾಮಗಳಲ್ಲಿ ವಾಡಿಕೆ. ಕೊಡುವಾಗ ಗಾರ್ಡೂ ಕನ್ನಡಕವೂ ಅದರ ಜೊತೆಯಲ್ಲಿಯೇ ಹೋಗುವಂತೆ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಕಟ್ಟುಮಾಡಿದರೆ ಒಳ್ಳೆಯದು. ಕನ್ನಡಕದ ಬೆಲೆಯು ಅಲ್ಪ. ದುಡಿದು ಸಂಸಾರವನ್ನು ಸಾಕುವ ಆಳಿನ ಕಣ್ಣು ಹೋದರೆ ಅದನ್ನು ಯಾವ ಪರಿಹಾರದಿಂದಲೂ ಹಿಂದಕ್ಕೆ ತರಲಾಗುವುದಿಲ್ಲ.