ದಂತಶುದ್ಧಿಯೂ ವಿದ್ಯುತ್ ಬ್ರಷ್ಷೂ

ಹಲ್ಲು ಬೆಳ್ಳಗಿರಬೇಕೆಂಬ ಆಸೆ ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. ದಾಳಿಂಬದ ಬೀಜಗಳನ್ನೂ ಮಲ್ಲಿಗೆಯ ಮೊಗ್ಗುಗಳನ್ನೂ ದಂತಪಂಕ್ತಿಗೆ ಉಪಮಾನವಾಗಿ ತಂದ ಕವಿಪರಂಪರೆಯಷ್ಟೇ ಅದೂ ಹಳೆಯದು. ನಮ್ಮ ಕಾಲದ ವಿಶೇಷವೆಂದರೆ, ಆ ಆಸೆಯನ್ನು ತಾನು ಈಡೇರಿಸುವೆನೆಂದು ಒಂದು ಯಂತ್ರ ಮುಂದೆ ಬಂದಿರುವುದು. ಕೆಲವು ನೂರು ರೂಪಾಯಿಗಳಿಂದ ಮೊದಲುಗೊಂಡು ಹತ್ತು ಸಾವಿರವನ್ನೂ ಮೀರುವ ಬೆಲೆಯ ವಿದ್ಯುತ್ ಬ್ರಷ್ಷುಗಳು ಇಂದು ಪೇಟೆಯಲ್ಲಿ ದೊರೆಯುತ್ತವೆ. ಅವುಗಳ ಪೆಟ್ಟಿಗೆಗಳ ಮೇಲೆ ಹಲ್ಲು ಶುಚಿಯಾಗುವುದೆಂಬ ಮಾತೂ ಬೆಳ್ಳಗಾಗುವುದೆಂಬ ಮಾತೂ ಒಂದರ ಪಕ್ಕದಲ್ಲೊಂದು ಅಚ್ಚಾಗಿರುತ್ತವೆ. ಆದರೆ ಶುಚಿತ್ವ ಬೇರೆ, ಧಾವಳ್ಯ ಬೇರೆ. ಮೊದಲನೆಯದು ದಿನದಿನದ ಅಭ್ಯಾಸದಿಂದ ಯಾರಿಗಾದರೂ ದಕ್ಕತಕ್ಕದ್ದು. ಎರಡನೆಯದು ಬಹುಮಟ್ಟಿಗೆ ಹುಟ್ಟು, ವಯಸ್ಸು, ಬಾಲ್ಯದಲ್ಲಿ ಕುಡಿದ ನೀರು, ಇವುಗಳಿಂದ ಮೊದಲೇ ನಿಶ್ಚಿತವಾಗಿರತಕ್ಕದ್ದು. ಈ ಭೇದವನ್ನು ಅರಿತು ಅಂಗಡಿಗೆ ಹೋದವರು ತಮಗೆ ಬೇಕಾದುದನ್ನು ಆರಿಸಿಕೊಳ್ಳಬಲ್ಲರು; ಅರಿಯದೆ ಹೋದವರು ಬೆಲೆಯನ್ನು ನೋಡಿ ಗುಣವನ್ನು ಊಹಿಸಬೇಕಾಗುವುದು.

ಮೊದಲು ಹಲ್ಲಿನ ರಚನೆಯನ್ನು ನೋಡೋಣ. ಅದರ ಹೊರಪದರವಾದ ಎನಾಮಲ್ ನಮ್ಮ ಶರೀರದಲ್ಲಿ ಎಲ್ಲಕ್ಕಿಂತ ಗಡುಸಾದ ಪದಾರ್ಥ; ತೂಕದಲ್ಲಿ ಅದರ ಶೇಕಡಾ 96ರಷ್ಟು ಭಾಗ ಖನಿಜವೇ. ದವಡೆಹಲ್ಲಿನ ಉಬ್ಬುಗಳ ಮೇಲೆ ಎರಡೂವರೆ ಮಿಲಿಮೀಟರಿನಷ್ಟು ದಪ್ಪವಿರುವ ಈ ಪದರ ವಸಡಿನ ಅಂಚಿಗೆ ಬರುವಷ್ಟರಲ್ಲಿ ಬಹಳ ತೆಳುವಾಗಿರುತ್ತದೆ. ಅದನ್ನು ನಿರ್ಮಿಸಿದ ಜೀವಕೋಶಗಳು ಹಲ್ಲು ಮೂಡುವ ವೇಳೆಗೆ ಅಳಿದುಹೋಗುವುದರಿಂದ, ಒಮ್ಮೆ ಸವೆದ ಎನಾಮಲ್ ಮತ್ತೆ ಬೆಳೆಯಲಾರದು. ಮೇಲಾಗಿ ಅದು ಅರೆಪಾರದರ್ಶಕವಾದುದು. ಅದರ ಕೆಳಗಿರುವ ಡೆಂಟಿನ್ ಎಂಬ ಪದರವಾದರೋ ಸಹಜವಾಗಿಯೇ ಹಳದಿಯ ಛಾಯೆಯುಳ್ಳದ್ದು. ವಯಸ್ಸಾದಂತೆ ಎನಾಮಲ್ ತೆಳುವಾಗಿ ಒಳಗಿನ ಹಳದಿ ಹೆಚ್ಚು ಹೆಚ್ಚಾಗಿ ತೋರುವುದು ಪ್ರಕೃತಿಧರ್ಮವೇ ಹೊರತು ರೋಗವಲ್ಲ. ಬೆಳ್ಳಗಾಗಲೆಂದು ಬಲವಾಗಿ ತಿಕ್ಕುವವರು, ಬಿಳುಪನ್ನು ಕೊಡುವ ಪದರವನ್ನೇ ಸವೆಯಿಸಿ ತಾವು ಬೇಡವೆಂದ ಹಳದಿಯನ್ನು ತಾವೇ ಹೊರಗೆ ಕರೆಯುತ್ತಾರೆ.

ಹಲ್ಲಿನ ಕಲೆಗಳಲ್ಲಿಯೂ ಎರಡು ಜಾತಿಗಳುಂಟು. ಕಾಫಿ, ಚಹಾ, ಎಲೆಅಡಿಕೆ, ಹೊಗೆಸೊಪ್ಪು, ಬೀಡಿ ಸಿಗರೇಟುಗಳಿಂದ ಮೇಲ್ಮೈಗೆ ಅಂಟಿಕೊಳ್ಳುವ ಕಲೆಗಳು ಒಂದು ಜಾತಿ. ಇವುಗಳಲ್ಲಿ ಹೊಸದಾಗಿ ಕೂತವನ್ನು ಒಳ್ಳೆಯ ಬ್ರಷ್ಷು ತೆಗೆಯಬಲ್ಲದು, ಹಳೆಯವನ್ನು ದಂತವೈದ್ಯರು ತೆಗೆಯಬಲ್ಲರು. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿಯೇ ಅದರ ಒಡಲಿನೊಳಗೆ ಸೇರಿಹೋದ ಕಲೆಗಳು ಇನ್ನೊಂದು ಜಾತಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಔಷಧವನ್ನು ಕೊಟ್ಟುದರಿಂದ ಉಂಟಾಗುವ ಬೂದುಗೆರೆಗಳು ಇಂಥವು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಮುಂತಾದ ಕಡೆಗಳಲ್ಲಿ ಬೆಳೆದ ಎಷ್ಟೋ ಮಂದಿಯ ಹಲ್ಲುಗಳಲ್ಲಿ ಕಾಣುವ ಕಂದುಕಲೆಗಳೂ ಇಂಥವೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಆ ಮಿತಿ ಮೀರಿದ ನೀರನ್ನು ಬಾಲ್ಯವೆಲ್ಲ ಕುಡಿದ ತರುಣನೊಬ್ಬನು, ತನ್ನ ಹಲ್ಲು ಕೊಳಕೆಂದು ನಾಚಿ ದುಬಾರಿ ಬ್ರಷ್ಷಿಗೆ ಹಣ ತೆತ್ತು ದಿನವೂ ಉಜ್ಜಿ ಉಜ್ಜಿ ನಿರಾಶನಾಗುವುದು ಅನ್ಯಾಯವಾದ ಸಂಗತಿ. ಅವನ ಹಲ್ಲು ಕೊಳಕಲ್ಲ, ಕಲೆ ಒಳಗಿನದು, ಅದಕ್ಕೆ ಪರಿಹಾರ ಬೇಕೆನಿಸಿದಲ್ಲಿ ದಂತವೈದ್ಯರನ್ನು ಕಾಣುವುದೇ ಮಾರ್ಗ.

ಹಾಗಾದರೆ ಬ್ರಷ್ಷಿನ ನಿಜವಾದ ಕಾರ್ಯವೇನು? ಹಲ್ಲಿನ ಮೇಲೆ, ಅದರಲ್ಲಿಯೂ ವಸಡಿನ ಅಂಚಿನಲ್ಲಿ, ಗಂಟೆಗಂಟೆಗೂ ಕಟ್ಟುತ್ತಿರುವ ಸೂಕ್ಷ್ಮಜೀವಿಗಳ ಅಂಟುಪದರವನ್ನು ಕದಲಿಸಿ ತೆಗೆಯುವುದೇ ಅದರ ಕಾರ್ಯ. ಹಲ್ಲಿನ ಪಾಚಿ ಎಂದು ನಾವು ಕರೆಯುವ ಈ ಪದರದಲ್ಲಿರುವ ಜೀವಿಗಳು ನಾವು ತಿಂದ ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲದಲ್ಲಿ ಎನಾಮಲ್ ಕರಗಲಾರಂಭಿಸುವುದೇ ಹುಳುಕಿನ ಆರಂಭ. ಅದೇ ಪಾಚಿ ವಸಡನ್ನು ಕೆಣಕಿ ಊತವನ್ನೂ ರಕ್ತಸ್ರಾವವನ್ನೂ ಉಂಟುಮಾಡುತ್ತದೆ. ಮೆತ್ತಗಿರುವಾಗ ತೆಗೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಜೊಲ್ಲಿನ ಖನಿಜಗಳು ಕೂಡಿ ಅದು ಗಟ್ಟಿಯಾದ ಟಾರ್ಟರ್ ಆಗುವುದು. ಆಮೇಲೆ ಅದನ್ನು ಕೀಳುವುದು ಯಾವ ಬ್ರಷ್ಷಿನಿಂದಲೂ ಆಗದ ಕೆಲಸ, ವೈದ್ಯರ ಬಳಿ ಹಲ್ಲು ಕ್ಲೀನಿಂಗ್ ಮಾಡಿಸಲೇಬೇಕು. ಪಾಚಿಯನ್ನು ಅದು ಮೆತ್ತಗಿರುವಾಗಲೇ, ಹಲ್ಲಿಗೂ ವಸಡಿಗೂ ನೋವಾಗದಂತೆ, ದಿನವೂ ತೆಗೆಯುವುದು: ದಂತಧಾವನದ ಸಾರವೆಲ್ಲ ಇಷ್ಟೇ.

ಈ ಸಾರವನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರು. ವಾಗ್ಭಟನು ತನ್ನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ಎಕ್ಕ, ಆಲ, ಕಗ್ಗಲಿ, ಹೊಂಗೆ ಮೊದಲಾದವುಗಳ ಕಡ್ಡಿಯ ತುದಿಯನ್ನು ಕುಂಚದಂತೆ ಮೃದುಗೊಳಿಸಿ, ಬೆಳಗ್ಗೆಯೂ ಭೋಜನಾನಂತರವೂ, ವಸಡಿಗೆ ಬಾಧೆಯಾಗದಂತೆ ಹಲ್ಲುಜ್ಜಬೇಕೆಂದು ವಿಧಿಸಿದ್ದಾನೆ. ಮೃದುವಾದ ಕುಂಚ, ದಿನಕ್ಕೆರಡು ಸಲ, ವಸಡಿಗೆ ಪೆಟ್ಟಾಗದ ಕೈ, ಈ ಮೂರು ನಿಯಮಗಳಿಗೆ ಇಂದಿನ ದಂತವೈದ್ಯರೂ ಸಹಿ ಹಾಕುವರು. ಅಮೆರಿಕದ ನ್ಯೂ ಆರ್ಲಿಯನ್ಸಿನ ವೈದ್ಯ ಚಾರ್ಲ್ಸ್ ಬಾಸ್ ಎಂಬವರು 1948ರಲ್ಲಿ ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸಿದರು: ಬ್ರಷ್ಷಿನ ಎಳೆಗಳನ್ನು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಅಲ್ಲಲ್ಲೇ ಸಣ್ಣಗೆ ಕದಲಿಸಬೇಕು. ಈ ವಿಧಾನವನ್ನು ಇಂದಿಗೂ ಬೋಧಿಸುತ್ತಾರೆ. ಆದರೆ ನಿದ್ದೆಗಣ್ಣಿನಲ್ಲಿ, ಬಸ್ಸಿನ ಹೊತ್ತು ಮೀರುತ್ತಿರುವಾಗ, ಅದನ್ನು ಕ್ರಮವಾಗಿ ಪಾಲಿಸುವವರು ವಿರಳ.

ಈ ಕೊರತೆಯನ್ನು ಇಂದು ತುಂಬಬಲ್ಲುದು ಯಂತ್ರ; ಆದರೆ ಅದು ಹುಟ್ಟಿದುದು ಬೇರೊಂದು ಉದ್ದೇಶಕ್ಕಾಗಿ. 1954ರಲ್ಲಿ ಸ್ವಿಟ್ಜರ್ಲೆಂಡಿನ ಫಿಲಿಪ್-ಗೀ ವೂಗ್ ಎಂಬವರು ಬ್ರಾಕ್ಸೊಡೆಂಟ್ ಎಂಬ ವಿದ್ಯುತ್ ಬ್ರಷ್ಷನ್ನು ರೂಪಿಸಿದರು. ಕೈಯ ಚಲನೆ ಸ್ವಾಧೀನದಲ್ಲಿಲ್ಲದ ರೋಗಿಗಳಿಗೂ ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೂ ನೆರವಾಗುವುದು ಆಗಿನ ಉದ್ದೇಶ. ಗೋಡೆಯ ವಿದ್ಯುತ್ತಿಗೆ ವೈರಿನಿಂದ ಕಟ್ಟಿಹಾಕಿದ್ದ ಆ ಉಪಕರಣವನ್ನು, 1960ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಚಾರ್ಜ್ ಮಾಡುವ ಬ್ಯಾಟರಿಯನ್ನಿಟ್ಟು ಬಂಧಮುಕ್ತವಾಗಿಸಿತು. ಇಂದು ಪ್ರಚಾರದಲ್ಲಿರುವ ಎರಡು ಮುಖ್ಯ ಬಗೆಗಳು 1990ರ ಆಸುಪಾಸಿನಲ್ಲಿ ಬಳಕೆಗೆ ಬಂದವು. ಒಂದರದು ಪುಟ್ಟ ದುಂಡುತಲೆ. ಅದು ಅತ್ತಿಂದಿತ್ತ ಅರ್ಧರ್ಧ ತಿರುಗುತ್ತ ಒಂದೊಂದೇ ಹಲ್ಲನ್ನು ಆವರಿಸಿ ಶುಚಿಗೊಳಿಸುವುದು. ಓರಲ್-ಬಿಯ ಬ್ರಷ್ಷುಗಳಲ್ಲಿ ಬಹುಪಾಲು ಈ ಬಗೆಯವು. ಇನ್ನೊಂದು, ಸಾಮಾನ್ಯ ಬ್ರಷ್ಷಿನಂಥ ನೀಳತಲೆಯುಳ್ಳದ್ದಾಗಿ ಅತಿವೇಗದಿಂದ ಪಕ್ಕಕ್ಕೆ ಕಂಪಿಸುವ ಸಾನಿಕ್ ಬಗೆ. ಫಿಲಿಪ್ಸ್ ಕಂಪನಿಯ ಸಾನಿಕೇರ್‌ನಲ್ಲಿ ಈ ಕಂಪನ ನಿಮಿಷಕ್ಕೆ ಸುಮಾರು 31,000 ಎಂದು ಲೆಕ್ಕ.

ಈ ಯಂತ್ರಗಳಿಂದ ನಿಜವಾಗಿಯೂ ಪ್ರಯೋಜನವುಂಟೇ? ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಸಮೀಕ್ಷೆ, ಐದು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡ 56 ಪ್ರಯೋಗಗಳನ್ನು ಪರಿಶೀಲಿಸಿತು. ಕೈಬ್ರಷ್ಷಿಗೆ ಹೋಲಿಸಿದಲ್ಲಿ ವಿದ್ಯುತ್ ಬ್ರಷ್ಷಿನಿಂದ ಪಾಚಿಯು ಮೊದಲ ಮೂರು ತಿಂಗಳೊಳಗೆ ಶೇಕಡಾ 11ರಷ್ಟೂ, ಅನಂತರ ಶೇಕಡಾ 21ರಷ್ಟೂ ಕಡಮೆಯಾಯಿತು. ವಸಡಿನ ಉರಿಯೂತ ಕ್ರಮವಾಗಿ ಶೇಕಡಾ 6ರಷ್ಟೂ 11ರಷ್ಟೂ ಇಳಿಯಿತು. ಅತಿ ಹೆಚ್ಚು ಪ್ರಯೋಗಗಳು ನಡೆದುದು ದುಂಡುತಲೆಯ ಬಗೆಯ ಮೇಲೆಯೇ. ಈ ಲಾಭ ಪವಾಡವಲ್ಲ, ಅಲಕ್ಷಿಸತಕ್ಕದ್ದೂ ಅಲ್ಲ. ಆದರೆ ಇದು ಪಾಚಿಯ ಮಾತು, ವಸಡಿನ ಮಾತು. ಬಿಳುಪಿನ ಮಾತಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು.

ಇನ್ನು ಆಯ್ಕೆಯ ವಿಚಾರ. ನನ್ನ ದೃಷ್ಟಿಯಲ್ಲಿ ಹಣ ತೆರಲು ಯೋಗ್ಯವಾದ ಗುಣಗಳು ಎರಡೇ ಎರಡು. ಮೊದಲನೆಯದು ಗಡಿಯಾರದ ಸೌಕರ್ಯ: ಎರಡು ನಿಮಿಷ ತುಂಬುವವರೆಗೆ ನಡೆದು, ಮೂವತ್ತು ಸೆಕೆಂಡಿಗೊಮ್ಮೆ ತಡೆದು ಸೂಚನೆ ಕೊಡುವ ಬ್ರಷ್ಷು, ಬಾಯಿಯ ಮೇಲೆ ಕೆಳಗೆ, ಎಡ ಬಲಗಳೆಂಬ ನಾಲ್ಕು ಭಾಗಗಳಿಗೂ ಸಮನಾಗಿ ಕಾಲವನ್ನು ಹಂಚುತ್ತದೆ, ಬಲಗೈಯವರು ಒಂದು ಪಕ್ಕವನ್ನೇ ಹೆಚ್ಚಾಗಿ ಉಜ್ಜಿ ಇನ್ನೊಂದನ್ನು ಮರೆಯುವ ರೂಢಿ ಇದರಿಂದ ತಪ್ಪುವುದು. ಎರಡನೆಯದು ಒತ್ತಡವನ್ನು ಅರಿಯುವ ಸೌಕರ್ಯ: ಕೈ ಬಲವಾಗಿ ಒತ್ತಿದೊಡನೆ ದೀಪ ಹೊತ್ತಿಯೋ ವೇಗ ತಗ್ಗಿಯೋ ಎಚ್ಚರಿಸುವ ಬ್ರಷ್ಷು, ವಾಗ್ಭಟನು ಹೇಳಿದ ವಸಡಿನ ರಕ್ಷಣೆಯನ್ನು ಯಂತ್ರರೂಪದಲ್ಲಿ ನೆರವೇರಿಸುತ್ತದೆ. ಬಹುಕಾಲ ಹಲ್ಲುಪುಡಿಯನ್ನು ಬೆರಳಿನಿಂದ ಒತ್ತಿ ತಿಕ್ಕಿ ಅಭ್ಯಾಸವಾದವರಿಗೂ, ಬ್ರಷ್ಷಿನ ಎಳೆಗಳು ತಿಂಗಳೊಳಗೆ ಕೆದರಿಹೋಗುವಷ್ಟು ಕೈಬಲವುಳ್ಳವರಿಗೂ ಇದು ಅತ್ಯಾವಶ್ಯಕ. ಇವೆರಡೂ ಇದ್ದಲ್ಲಿ, ದುಂಡುತಲೆಯೋ ಸಾನಿಕ್ಕೋ ಎಂಬುದನ್ನು ಅವರವರ ಬಾಯಿಗೆ ಹಿತವಾದುದನ್ನು ನೋಡಿ ತೀರ್ಮಾನಿಸಬಹುದು. ಮೊಬೈಲಿನೊಡನೆ ಮಾತಾಡುವ ಶಕ್ತಿ, ಐದಾರು ಬಗೆಯ ವೇಗಗಳು, ಬಿಳುಪಿಗೆಂದೇ ಇಟ್ಟ ಪ್ರತ್ಯೇಕ ಗುಂಡಿ, ಇವು ಇದ್ದರೆ ಬಾಧಕವಿಲ್ಲ. ಇವುಗಳಿಗಾಗಿ ಬೆಲೆಯನ್ನು ಇಮ್ಮಡಿಯಾಗಿ ತೆರುವುದು ಅನಾವಶ್ಯಕ.

ಕೊಳ್ಳುವ ಮುನ್ನ ವಿಚಾರಿಸತಕ್ಕ ಸಂಗತಿಗಳು ಬೇರೆ ಕೆಲವಿವೆ. ಬ್ರಷ್ಷಿನ ತಲೆಯನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕಾದ್ದರಿಂದ, ಆ ಬಿಡಿ ತಲೆಗಳು ನಿಮ್ಮೂರಿನಲ್ಲಿಯೋ ಅಂಚೆಯ ಮೂಲಕವೋ ಸುಲಭವಾಗಿ ದೊರೆಯುವುವೇ, ವರ್ಷಕ್ಕೆ ನಾಲ್ಕರ ಬೆಲೆಯೆಷ್ಟು ಎಂಬುದನ್ನು ಮೊದಲೇ ಲೆಕ್ಕ ಹಾಕುವುದು ವಿವೇಕ. ಹಿಡಿಕೆಯ ಬೆಲೆ ಒಮ್ಮೆ ತೆರುವುದು, ತಲೆಯ ಬೆಲೆ ಬಾಳಿನುದ್ದಕ್ಕೂ ತೆರುವುದು. ಎಳೆಗಳು ಮೃದುವಾದವೇ ಆಗಿರಲಿ. ಬಿಡಿ ಸೆಲ್ಲುಗಳನ್ನು ಹಾಕುವ ಅಗ್ಗದ ಬ್ರಷ್ಷುಗಳಲ್ಲಿ ಸೆಲ್ಲು ಕ್ಷೀಣಿಸಿದಂತೆ ಚಲನೆಯೂ ಕ್ಷೀಣಿಸುವುದು. ಲಿಥಿಯಂ ಬ್ಯಾಟರಿಯುಳ್ಳವು ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಒಂದೇ ಸಮನೆ ನಡೆಯುವುವು. ಅಮೆರಿಕದಲ್ಲಿರುವ ಮಗನೋ ಮಗಳೋ ತಂದೆತಾಯಿಗಳಿಗೆಂದು ಪ್ರೀತಿಯಿಂದ ತಂದುಕೊಡುವ ಬ್ರಷ್ಷುಗಳ ವಿಷಯದಲ್ಲಿಯೂ ಎಚ್ಚರ ಬೇಕು: ಅಲ್ಲಿಯ ಮನೆಗಳ ವಿದ್ಯುತ್ತು 120 ವೋಲ್ಟಿನದು, ಇಲ್ಲಿಯದು 230. ಚಾರ್ಜರಿನ ತಳದಲ್ಲಿ 100ರಿಂದ 240 ಎಂದು ಬರೆದಿದ್ದರೆ ಚಿಂತೆಯಿಲ್ಲ. ಇಲ್ಲವಾದರೆ ಪ್ಲಗ್ಗಿನ ಕಾಲುಗಳನ್ನು ಹೊಂದಿಸುವ ಅಡಾಪ್ಟರೊಂದನ್ನು ಸಿಕ್ಕಿಸಿದ ಮಾತ್ರಕ್ಕೆ ಅದು ಸುಟ್ಟುಹೋಗುವುದು ತಪ್ಪದು.

ಯಂತ್ರವನ್ನು ತಂದ ಮೇಲೆ ಕೈಯ ಹಳೆಯ ಅಭ್ಯಾಸವನ್ನು ಬಿಡಬೇಕು. ವಿದ್ಯುತ್ ಬ್ರಷ್ಷನ್ನು ಹಿಡಿದು ಹಿಂದೆ ಮುಂದೆ ತಿಕ್ಕುವುದು ಸಲ್ಲದು. ಒಂದೊಂದು ಹಲ್ಲಿನ ಹೊರಮೈ, ಒಳಮೈ, ಜಗಿಯುವ ಮೈಗಳ ಮೇಲೆ ಕ್ಷಣಕಾಲ ಹಗುರಾಗಿ ಇಟ್ಟು, ವಸಡಿನ ಅಂಚನ್ನು ಅನುಸರಿಸಿ ಮುಂದಕ್ಕೆ ಸಾಗಿಸಿದರೆ ಸಾಕು. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ, ಹತ್ತು ಲಕ್ಷಕ್ಕೆ 1000 ಭಾಗದಷ್ಟು. ಉಜ್ಜಿದ ಮೇಲೆ ಉಗುಳಿ, ನೀರಿನಿಂದ ಬಹಳವಾಗಿ ಮುಕ್ಕಳಿಸದೆ ಬಿಟ್ಟರೆ ಅದರ ಗುಣ ಹಲ್ಲಿಗೆ ಹತ್ತುವುದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ನಿಂಬೆ, ಹುಣಿಸೆ, ಸೋಡಾ ಮುಂತಾದ ಹುಳಿಪದಾರ್ಥಗಳನ್ನು ಸೇವಿಸಿದ ಕೂಡಲೇ ಉಜ್ಜದೆ ಒಂದು ತಾಸು ತಾಳಬೇಕು, ಏಕೆಂದರೆ ಆಗ ಎನಾಮಲ್ ಮೆತ್ತಗಾಗಿರುತ್ತದೆ. ಹಲ್ಲುಗಳ ನಡುವಣ ಸಂದಿಗೆ ಯಾವ ಬ್ರಷ್ಷೂ ಹೋಗಲಾರದಾದ ಕಾರಣ, ಫ್ಲಾಸ್ ದಾರವನ್ನೋ ಸಂದಿಯ ಪುಟ್ಟ ಬ್ರಷ್ಷನ್ನೋ ದಿನಕ್ಕೊಮ್ಮೆಯಾದರೂ ಬಳಸುವುದು ಒಳ್ಳೆಯದು.

ಬಿಳುಪನ್ನೇ ಬಯಸುವವರಿಗೆ ಒಂದು ಹಿತವಚನ. ಇದ್ದಿಲ ಪುಡಿ, ಇಟ್ಟಿಗೆಯ ಪುಡಿ, ಒರಟಾದ ಉಪ್ಪು ಇವುಗಳಿಂದ ಉಜ್ಜಿದ ದಿನ ಹಲ್ಲು ಹೊಳೆದಂತೆ ತೋರುವುದು ನಿಜ. ಆ ಹೊಳಪು ಎನಾಮಲ್ಲನ್ನು ಅರೆದು ಪಡೆದ ಹೊಳಪು. ಹೊಸ ಪೇಸ್ಟುಗಳೊಳಗೆ ಬೆರೆಸಿ ಬರುವ ಇದ್ದಿಲಿನ ಮೇಲೆಯೂ ಭರವಸೆಯಿಡಲು ಕಾರಣವಿಲ್ಲ. ನಿಜವಾಗಿ ಬಣ್ಣವನ್ನು ತಿಳಿಗೊಳಿಸುವುದು ಪೆರಾಕ್ಸೈಡಿನ ಚಿಕಿತ್ಸೆ. ಅದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಮಾಡಿಸಿಕೊಳ್ಳಬೇಕು, ಕೆಲವು ದಿನ ಹಲ್ಲು ಜುಮ್ಮೆನ್ನುವುದನ್ನು ಸಹಿಸಬೇಕು, ಕ್ಯಾಪ್ ಹಾಕಿಸಿದ ಅಥವಾ ತುಂಬಿಸಿದ ಭಾಗಗಳು ಅದರಿಂದ ಬೆಳ್ಳಗಾಗುವುದಿಲ್ಲವೆಂಬುದನ್ನು ಮೊದಲೇ ಬಲ್ಲವರಾಗಿರಬೇಕು.

ಹಾಗಾದರೆ ಈ ಯಂತ್ರ ಯಾರಿಗೆ ಹೆಚ್ಚು ಉಪಯುಕ್ತ? ಕೀಲುವಾತದಿಂದ ಬೆರಳು ಮಡಿಸಲಾರದ ಅಜ್ಜಿಗೆ, ಕೈನಡುಕದ ತಾತನಿಗೆ, ಹಾಸಿಗೆ ಹಿಡಿದವರ ಹಲ್ಲುಜ್ಜಿಸುವ ಮಗಳಿಗೋ ಸೊಸೆಗೋ, ಹಲ್ಲಿಗೆ ತಂತಿ ಕಟ್ಟಿಸಿಕೊಂಡಿರುವ ವಿದ್ಯಾರ್ಥಿಗೆ ಅದು ದೊಡ್ಡ ಉಪಕಾರ; ಯಂತ್ರ ಹುಟ್ಟಿದುದೇ ಇಂಥವರಿಗಾಗಿ ಎಂಬುದನ್ನು ಮೇಲೆಯೇ ಹೇಳಿದೆ. ಮನೆಯಲ್ಲಿ ಒಂದೇ ವಿದ್ಯುತ್ ಬ್ರಷ್ಷು ಕೊಳ್ಳುವಷ್ಟು ಅನುಕೂಲವಿದ್ದರೆ, ಅದು ಕನ್ನಡಿಯ ಮುಂದೆ ನಿಲ್ಲುವ ತರುಣರಿಗಿಂತ ಮೊದಲು ಇವರ ಪಾಲಾಗಲಿ. ಆರೋಗ್ಯವಂತವಾದ ಕೈಯುಳ್ಳವರು, ಐವತ್ತು ರೂಪಾಯಿಯ ಮೃದುವಾದ ಬ್ರಷ್ಷಿನಿಂದಲೇ ಎರಡು ಹೊತ್ತು ಎರಡೆರಡು ನಿಮಿಷ ಕ್ರಮವಾಗಿ ಉಜ್ಜಿ, ವರ್ಷಕ್ಕೊಮ್ಮೆ ದಂತವೈದ್ಯರಿಗೆ ಬಾಯಿ ತೋರಿಸಿದರೆ, ಹತ್ತು ಸಾವಿರದ ಯಂತ್ರವನ್ನು ಅರ್ಧ ನಿಮಿಷ ಬಳಸಿ ಇಡುವವರಿಗಿಂತ ಮೇಲಾದ ಸ್ಥಿತಿಯಲ್ಲಿರುವರು. ಯಂತ್ರವನ್ನು ಕೊಂಡವರು ಅದರ ಫಲವನ್ನು ಕನ್ನಡಿಯಲ್ಲಿ ಹುಡುಕದಿರಲಿ. ಉಜ್ಜುವಾಗ ಬರುತ್ತಿದ್ದ ರಕ್ತ ಕೆಲವು ವಾರಗಳಲ್ಲಿ ನಿಂತಿತೇ, ಬಾಯಿಯ ದುರ್ಗಂಧ ತಗ್ಗಿತೇ, ವೈದ್ಯರು ಈ ಸಲ ಕಿತ್ತು ತೆಗೆದ ಟಾರ್ಟರ್ ಹಿಂದಿನದಕ್ಕಿಂತ ಕಡಮೆಯೇ ಎಂದು ನೋಡಲಿ. ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆಯ್ಕೆ ಸರಿಯಾಯಿತೆಂದು ತಿಳಿಯಬಹುದು. ರಕ್ತ ನಿಲ್ಲದೆ ಹೋದರೆ, ಮತ್ತೊಂದು ಬ್ರಷ್ಷನ್ನು ಹುಡುಕಿಕೊಂಡು ಅಂಗಡಿಗೆ ಹೋಗದೆ, ತಡಮಾಡದೆ ದಂತವೈದ್ಯರ ಬಳಿಗೆ ಹೋಗತಕ್ಕದ್ದು.